ಮೆರ್ಸಿ ಅನ್ನಬಾರದ ಕೊಟ್ಟಿಗೆ

ಆರ್ಲೆತ್ ಫೋನಿನಲ್ಲಿ ಬರೆದು ಕಳಿಸುವ ಪೈಕಿಯಲ್ಲ, ಮಾತಾಡಿ ಕಳಿಸುವ ಪೈಕಿ. ಅದೂ ಹೇಗೆ, ಫೋನಿಗೇ ಕಿವಿ ಮಂದ ಎನ್ನುವ ಹಾಗೆ ಕೂಗಿ. ಕೆಲಸವಿದ್ದಷ್ಟು ಕಾಲ ಶಾಲೆಯ ಬಸ್ಸು ಓಡಿಸಿದ ಹೆಂಗಸು; ಹಿಂದಿನ ಸೀಟಿನ ಪೋಲಿಗಳಿಗೆ ಕೇಳುವಂತೆ ಮಾತಾಡಿ ಮಾತಾಡಿ ಗಂಟಲು ಹಾಗೇ ನಿಂತುಬಿಟ್ಟಿದೆ. ಅವಳ ಈ ಕೂಗು ಬಂದಾಗ ಹಾಡುಗಾರ್ತಿ ಪೆರಿನ್ ಬೆಲ್ಜಿಯಮ್ಮಿನ ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ನಿಂತು ಆರಿದ ಕಾಫಿ ಕುಡಿಯುತ್ತಿದ್ದಳು.

"ಪೆರಿನ್, ಕೇಳ್ತಿದೀಯೇನೇ? ಜೂನ್ ಕೊನೇ ಭಾನುವಾರ ಕೊಟ್ಟಿಗೇಲಿ ಕಚೇರಿ ಇಟ್ಟಿದೀನಿ. ಅದೇ ಕೊನೇದು, ಆಮೇಲೆ ಬೀಗ. ನೀನೇ ಬಂದು ಹಾಡ್ಬೇಕು. ಯಾಕೆ ಏನು ಅಂತ ತಲೆ ತಿನ್ಬೇಡ. ಟೈರಿಗೆ ಗಾಳಿ ನೋಡ್ಕೊಂಡು ಬಾ."

ಅಷ್ಟೇ. ಪಕ್ಕದ ಲಾರಿ ಡ್ರೈವರು ತಿರುಗಿ ನೋಡಿದ. ಪೆರಿನ್ ಕಾಫಿಯನ್ನು ಹಾಗೇ ಚೆಲ್ಲಿ ವ್ಯಾನಿನಲ್ಲಿ ಕೂತಳು. ಗಿಟಾರು ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಮಲಗಿತ್ತು. ಬೀಗ ಹಾಕುವುದಂತೆ! ಆ ಕೊಟ್ಟಿಗೆಗೆ! ಅವಳಿಗೆ ಮೊದಲು ಕೋಪ ಬಂತು, ಆಮೇಲೆ ಅಳು. ಏನಾದರೂ ಮಾಡಿ ಇದನ್ನು ತಪ್ಪಿಸಬೇಕು ಅಂದುಕೊಂಡಳು. ಏನು ಮಾಡಬೇಕು ಅಂತ ಮಾತ್ರ ಹೊಳೆಯಲಿಲ್ಲ. ಆರ್ಲೆತ್ ಒಮ್ಮೆ ಬಾಗಿಲು ಹಾಕಿ ಬಸ್ಸು ಬಿಟ್ಟಳೆಂದರೆ, ಓಡಿ ಬಂದ ಮಕ್ಕಳು ಗಾಜು ಬಡಿದರೂ ನಿಲ್ಲಿಸುತ್ತಿರಲಿಲ್ಲ ಅಂತ ಊರಲ್ಲಿ ಹೇಳುತ್ತಾರೆ.

ಈ ಕೊಟ್ಟಿಗೆಯ ಋಣ ಎಂಥದ್ದು ಅಂತ ಹೇಳಿದರೇ ಅವಳ ಸಂಕಟ ತಿಳಿದೀತು.

ಪೆರಿನ್ ಮೊದಲ ಸಲ ಮೊಂಬ್ರಿಯು ಹಳ್ಳಿಗೆ ಬಂದಾಗ ಇನ್ನೂ ಚಿಕ್ಕವಳು. ಪ್ಯಾರಿಸ್ಸಿನ ಹೋಟೆಲು ಬಾರುಗಳಲ್ಲಿ ಹಾಡಿ ಹಾಡಿ ಸಾಕಾಗಿತ್ತು. ಹೆಸರಾದ ಗಾಯಕರ ಕಚೇರಿಗೆ ಮುಂಚೆ ಅರ್ಧ ಗಂಟೆ ಹಾಡುವುದಕ್ಕೆ ಕರೆಯುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ಜನ ತಮ್ಮ ಸೀಟು ಹುಡುಕುತ್ತಿದ್ದರು, ಕೋಟು ಬಿಚ್ಚುತ್ತಿದ್ದರು, ಬಿಯರು ತರಲು ಹೋಗುತ್ತಿದ್ದರು. ಒಂದು ಗಿಟಾರು, ಒಂದು ಗಂಟಲು, ತಾನೇ ಬರೆದ ಹಾಡು: ಇಷ್ಟನ್ನೇ ನಂಬಿ ಬದುಕುವುದು ಮೂರ್ಖತನ ಅಂತ ತೀರ್ಮಾನವಾಗಿ, ಲಿಮೋಜ್ ಪಟ್ಟಣದಲ್ಲಿ ಚಿಕ್ಕಪ್ಪನ ಕನ್ನಡಕದಂಗಡಿಯಲ್ಲಿ ಕೆಲಸಕ್ಕೆ ಸೇರುವುದು ಅಂತ ಮಾತಾಗಿತ್ತು. ಅಷ್ಟರಲ್ಲಿ ಯಾರೋ ಈ ವಿಳಾಸ ಕೊಟ್ಟರು. ಯಾರೋ ಒಬ್ಬಾಕೆ, ಹಸು ಮಾರಿದ ಮೇಲೆ ಕೊಟ್ಟಿಗೆ ಗುಡಿಸಿ ಬೆಂಚು ಹಾಕಿದ್ದಾಳೆ, ಬಂದವರೆಲ್ಲ ಒಂದೊಂದು ತಿಂಡಿ ತರುತ್ತಾರೆ, ಹಾಡು ಮುಗಿದ ಮೇಲೆ ಎಲ್ಲರೂ ಕೂತು ತಿನ್ನುತ್ತಾರೆ ಅಂತ.

ಪೆರಿನ್ ಬಂದಳು. ಆರ್ಲೆತ್ ಸೂಪು ಬಡಿಸಿ ಎದುರಿಗೆ ಕೂತು ಅವಳ ಮುಖವನ್ನೇ ನೋಡಿದಳು.

"ಏನೇ ಹುಡುಗಿ, ಹಾಡೋಕೆ ಬಂದಿದೀಯೋ, ಹಲ್ಲು ಕೀಳಿಸ್ಕೊಳ್ಳೋಕೋ?"

"ಇದೇ ಕೊನೇ ಕಚೇರಿ, ಮಾದಾಂ. ಮುಂದಿನ ತಿಂಗಳಿಂದ ಕನ್ನಡಕ ಮಾರ್ತೀನಿ."

"ಓ, ಹಾಗೋ," ಅಂದಳು ಆರ್ಲೆತ್. ಆಮೇಲೆ ಆ ಮಾತೇ ಎತ್ತಲಿಲ್ಲ. ಇನ್ನೊಂದು ಸೌಟು ಸೂಪು ಹಾಕಿದಳು.

ಹಾಡುವ ಹೊತ್ತಾಯಿತು. ಕೊಟ್ಟಿಗೆಯ ಮೂಲೆಗೆ ಒಂದು ಹಳೇ ಕಂಬಳಿ ಕಟ್ಟಿ ಪರದೆ ಮಾಡಿತ್ತು. ಅದರ ಹಿಂದೆ ಪೆರಿನ್ ಗಿಟಾರು ಹಿಡಿದು ನಡುಗುತ್ತ ನಿಂತಿದ್ದಾಗ, ಆರ್ಲೆತ್ ಹಿಂದಿನಿಂದ ಬಂದು ಮೊಣಕಾಲಿನಿಂದ ಅವಳ ಕುಂಡೆಗೆ ಒಂದು ಗುದ್ದು ಕೊಟ್ಟು "ಲದ್ದಿ!" ಅಂದಳು.

ಅದು ಬೈಗುಳವಲ್ಲ. ನಮ್ಮ ಫ್ರಾನ್ಸಿನಲ್ಲಿ ರಂಗ ಹತ್ತುವವರಿಗೆ ಒಳ್ಳೆಯದಾಗಲಿ ಅಂತ ಯಾರೂ ಅನ್ನುವುದಿಲ್ಲ. ಅಂದರೆ ಕೆಟ್ಟೇ ಹೋಗುತ್ತದೆ. ಲದ್ದಿ ಅನ್ನಬೇಕು. ಜನ ಕುದುರೆ ಗಾಡಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಬಾಗಿಲ ಮುಂದೆ ಲದ್ದಿ ಎಷ್ಟು ಬಿದ್ದಿದೆಯೋ ಒಳಗೆ ಅಷ್ಟು ಜನ ಅಂತ ಲೆಕ್ಕವಂತೆ. ಇನ್ನು ಅನ್ನಿಸಿಕೊಂಡವರು ಸುಮ್ಮನೆ ತಲೆಯಾಡಿಸಿ ಹತ್ತಬೇಕು. ಮೆರ್ಸಿ, ಅಂದರೆ ನಿಮ್ಮಿಂದ ಉಪಕಾರವಾಯಿತು ಅಂತ ಮಾತ್ರ, ಕತ್ತು ಕೊಯ್ದರೂ ಅನ್ನಬಾರದು. ಪೆರಿನ್‌ಗೂ ಇದು ಗೊತ್ತಿತ್ತು. ಆದರೆ ಪ್ಯಾರಿಸ್ಸಿನಲ್ಲಿ ಅಷ್ಟು ದಿನ ಅವಳಿಗೆ ಯಾರೂ ಪ್ರೀತಿಯಿಂದ ಒಂದು ಗುದ್ದೂ ಕೊಟ್ಟಿರಲಿಲ್ಲ ನೋಡಿ, ಎದೆ ತುಂಬಿ ಬಾಯಿಂದ ಜಾರಿಯೇಬಿಟ್ಟಿತು.

"ಮೆರ್ಸಿ."

ಆರ್ಲೆತ್ ಸೊಂಟದ ಮೇಲೆ ಕೈಯಿಟ್ಟಳು. "ಆಯ್ತಲ್ಲ! ಎಲ್ಲಾ ಹಾಳು ಮಾಡ್ದೆ."

"ಅಯ್ಯೋ, ತಪ್ಪಾಯ್ತು ಮಾದಾಂ, ನನಗೆ…"

"ತಪ್ಪಾಯ್ತು ಅಂದ್ರೆ ಮುಗೀತಾ? ಮೆರ್ಸಿ ಅಂದ ಕಚೇರಿ ಲೆಕ್ಕಕ್ಕಿಲ್ಲ. ಅದನ್ನ ಅದೇ ಜಾಗದಲ್ಲಿ ಇನ್ನೊಂದು ಸಲ ಮಾಡ್ಬೇಕು, ಇಲ್ದಿದ್ರೆ ಮನೆಗೂ ಒಳ್ಳೇದಲ್ಲ, ಹಾಡಿದವರಿಗೂ ಒಳ್ಳೇದಲ್ಲ. ಇದು ನಿಯಮ. ನಿಮ್ಮ ಪ್ಯಾರಿಸ್ಸಲ್ಲಿ ಇಷ್ಟೂ ಹೇಳ್ಕೊಡಲ್ವಾ? ಮುಂದಿನ ತಿಂಗಳು ಬಾ. ಈಗ ಹೋಗು, ಹಾಡು, ಮಾರ್ಸ್ಯಾಲನ ನಾಯಿ ಆಗಲೇ ಆಕಳಿಸ್ತಿದೆ."

ಕೊಟ್ಟಿಗೆಯ ಅನಿಷ್ಟವನ್ನು ತಲೆಗೆ ಕಟ್ಟಿಕೊಂಡು ಕನ್ನಡಕ ಮಾರುವುದು ಹೇಗೆ? ಪೆರಿನ್ ಚಿಕ್ಕಪ್ಪನಿಗೆ ಇನ್ನೊಂದು ತಿಂಗಳು ತಾಳು ಅಂದಳು. ಮುಂದಿನ ತಿಂಗಳು ಬಂದಳು. ಆವತ್ತು ಬೆಂಚಿನ ತುದಿಯಲ್ಲಿ ಒಬ್ಬ ಗಡ್ಡದವನು ಕೂತಿದ್ದ, ನೊರ್ಮಾಂ ಅಂತ. ಕೆನಡಾದ ಕೆಬೆಕ್‌ನವನು, ತನ್ನ ಮುತ್ತಜ್ಜಂದಿರು ಬಿಟ್ಟುಹೋದ ಊರು ಯಾವುದೆಂದು ಹುಡುಕಿಕೊಂಡು ಈ ಸೀಮೆಗೆ ಬಂದವನು. ಅಲ್ಲಿ ದೊಡ್ಡ ನದಿಯ ದಂಡೆಯ ಪಟ್ಟಣವೊಂದರಲ್ಲಿ ವರ್ಷವರ್ಷ ಹಾಡುಗಾರರನ್ನು ಸೇರಿಸಿ ಹಬ್ಬ ನಡೆಸುತ್ತಿದ್ದ. ಮುತ್ತಜ್ಜನ ಊರು ಸಿಕ್ಕಿತೋ ಇಲ್ಲವೋ, ಪೆರಿನ್ ಸಿಕ್ಕಿದಳು. "ನಮ್ಮೂರಿಗೆ ಬಾರಮ್ಮ ನೀನು. ನಮ್ಮ ಜನ ಬಾಯಿ ಮುಚ್ಕೊಂಡು ಕೇಳ್ತಾರೆ," ಅಂದ.

ಹೋದಳು. ಕೇಳಿದರು. ಹಿಮದಲ್ಲಿ ಊರಿಂದೂರಿಗೆ ಸುತ್ತಿದಳು. ಅಲ್ಲಿಂದ ಜರ್ಮನಿ, ಅಲ್ಲಿಂದ ಜಪಾನು; ಒಂದು ಮಾತೂ ಅರ್ಥವಾಗದವರು ಕಣ್ಣು ಮುಚ್ಚಿ ಕೂತು ಕೇಳಿದರು. ಹೊರಗಿನವರು ಚೆನ್ನಾಗಿದೆ ಅಂದ ಮೇಲೆ ಮನೆಯವರಿಗೂ ಕಣ್ಣು ಬಂತು. ಫ್ರಾನ್ಸಿನ ಊರುಗಳಿಂದಲೂ ಕರೆ ಬರತೊಡಗಿತು. ದೊಡ್ಡ ಹೆಸರೇನೂ ಆಗಲಿಲ್ಲ. ರಸ್ತೆಯಲ್ಲಿ ಯಾರೂ ಗುರುತಿಸುವುದಿಲ್ಲ. ಆದರೆ ಹಾಡಿಯೇ ಬದುಕುತ್ತಿದ್ದಾಳೆ, ಮತ್ತು ಚಿಕ್ಕಪ್ಪ ಅವಳ ಪೋಸ್ಟರನ್ನು ಕನ್ನಡಕದಂಗಡಿಯ ಗಾಜಿಗೆ ಅಂಟಿಸಿದ್ದಾನೆ. ಇಷ್ಟು ಸಾಲದೇ?

ಇನ್ನೊಂದು ವಿಷಯವಿದೆ. ಕೆಲವು ವರ್ಷದ ಹಿಂದೆ ಲಿಯೋನ್ ನಗರದ ಒಂದು ರಂಗಮಂದಿರದಲ್ಲಿ, ಪೆರಿನ್‌ಗಿಂತ ಮುಂಚೆ ಹಾಡಬೇಕಿದ್ದ ಹುಡುಗನೊಬ್ಬ ರಂಗದ ದೀಪ ನೋಡುವವನ "ಲದ್ದಿ"ಗೆ ಮೆರ್ಸಿ ಅಂದುಬಿಟ್ಟ. ಪೆರಿನ್ ಗಾಬರಿಯಾಗಿ, "ಅಯ್ಯೋ, ಹಾಗಾದ್ರೆ ಇದು ಲೆಕ್ಕಕ್ಕಿಲ್ಲ, ಇನ್ನೊಂದು ಸಲ ಇಲ್ಲೇ ಬಂದು ಹಾಡ್ಬೇಕಲ್ಲ," ಅಂದಳು.

ದೀಪದವನು ಏಣಿಯ ಮೇಲಿಂದ ಬಗ್ಗಿ ನೋಡಿದ. ರಂಗದ ಮೇಲೆಯೇ ತಲೆ ನರೆತ ಮನುಷ್ಯ. "ಯಾವೂರ ನಿಯಮಾನಮ್ಮ ಅದು? ಮೆರ್ಸಿ ಅನ್ಬಾರ್ದು, ಸರಿ. ಇನ್ನೊಂದು ಸಲ ಹಾಡೋದು ಅಂತ ನಾನು ಹುಟ್ಟಿದ ಮೇಲೆ ಕೇಳಿಲ್ಲ. ಯಾರೋ ನಿನಗೆ ಚೆನ್ನಾಗಿ ಟೋಪಿ ಹಾಕಿದಾರೆ!"

ಪೆರಿನ್ ಹಜಾರಕ್ಕೆ ಹೋಗಿ ಗೋಡೆಗೆ ಒರಗಿ ನಿಂತಳು. ಸೂಪಿನ ತಟ್ಟೆಯ ಆಚೆಯಿಂದ ಆ ಮುದುಕಿ ತನ್ನ ಮುಖ ನೋಡಿದ್ದು ನೆನಪಾಯಿತು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಈ ವಿಷಯ ತನಗೆ ಗೊತ್ತಾಯಿತು ಅಂತ ಆರ್ಲೆತ್‌ಗೆ ಅವಳು ಹೇಳಲೇ ಇಲ್ಲ. ಪ್ರತಿ ವರ್ಷ ಎಲ್ಲಿದ್ದರೂ ಬಂದು ಕೊಟ್ಟಿಗೆಯಲ್ಲಿ ಒಂದು ಸಂಜೆ ಹಾಡಿ, ಬೆಂಚು ಎತ್ತಿಟ್ಟು, ತಟ್ಟೆ ತೊಳೆದು ಹೋಗುತ್ತಿದ್ದಳು. ಮೆರ್ಸಿ ಅನ್ನಲು ಬಾಯಿ ತೆರೆದರೆ ಸಾಕು, "ತಟ್ಟೆ ಒರೆಸೇ ಮೊದ್ಲು," ಅನ್ನುತ್ತಿದ್ದಳು ಆರ್ಲೆತ್.

ಈಗ ಅಂಗಳಕ್ಕೆ ವ್ಯಾನು ಬಂದಾಗ ಆರ್ಲೆತ್ ನೆರಳಲ್ಲಿ ಕುರ್ಚಿ ಹಾಕಿಕೊಂಡು ಚೆರ್ರಿ ಹಣ್ಣು ತೊಳೆಯುತ್ತಿದ್ದಳು. ಮೊಣಕಾಲಿಗೆ ಪಟ್ಟಿ ಸುತ್ತಿತ್ತು.

"ಸೊರಗಿದೀಯ," ಅಂದಳು. "ಬೆಲ್ಜಿಯಮ್ಮಲ್ಲಿ ಬರೀ ಆಲೂಗಡ್ಡೆ ಕರಿದು ಹಾಕಿದ್ರೇನು?"

"ಯಾಕೆ ಆರ್ಲೆತ್? ಯಾಕೆ ಬೀಗ?"

"ತಲೆ ತಿನ್ಬೇಡ ಅಂದಿದ್ನಲ್ಲ. ಇನ್ನೊಂದು ಮಾತು. ಸ್ಟೇಜಿಂದ ನನ್ನ ಹೆಸರೆತ್ತಿ, ಈ ತಾಯಿ ಹಾಗೆ ಈ ತಾಯಿ ಹೀಗೆ ಅಂತ ಶುರು ಮಾಡಿದ್ಯೋ, ಎದ್ದು ಹೋಗಿ ಅಡುಗೆಮನೆ ಚಿಲಕ ಹಾಕ್ಕೊಳ್ತೀನಿ. ನಾನಿನ್ನೂ ಸತ್ತಿಲ್ಲ."

ಕಾರಣ ಹೇಳಿದವನು ಮಾರ್ಸ್ಯಾಲ್, ಬೆಂಚು ಹೊರುವಾಗ. ಮಾರ್ಸ್ಯಾಲ್ ಊರಿನ ಹಳೇ ಪೋಸ್ಟ್‌ಮ್ಯಾನು. ಮೊದಲ ಕಚೇರಿಯಿಂದಲೂ ತಪ್ಪದೆ ಬರುವವನು, ತಪ್ಪದೆ ಅದೇ ಆಲೂಗಡ್ಡೆ ತುಂಬಿದ ದಪ್ಪ ಪೈ ತರುವವನು. ಅವನ ನಾಯಿ ಮಾತ್ರ ಈಗ ಬೇರೆ.

"ಫೆಬ್ರವರಿಲಿ ಒಬ್ಬ ಹುಡುಗ ಬಂದಿದ್ದ," ಅಂದ ಅವನು, ಬೆಂಚಿನ ಆ ತುದಿಯಿಂದ. "ಸಮುದ್ರದ ಕಡೆಯವನು. ಒಳ್ಳೇ ಗಂಟಲು. ಒಂಬತ್ತೇ ಜನ ಬಂದ್ರು. ಚಳಿ, ಮಂಜು, ಏನ್ ಮಾಡೋಕಾಗತ್ತೆ? ಆ ಹುಡುಗ ಪಾಪ ನಗ್ತಾನೇ ಹಾಡ್ದ. ಇವಳು ಆಮೇಲೆ ಅಡುಗೆಮನೇಲಿ ಕೂತು ಅತ್ತಳು. ನಾನು ಅವಳು ಅತ್ತಿದ್ದು ನೋಡೇ ಇರ್ಲಿಲ್ಲ ಪೆರಿನ್. ಅಷ್ಟು ದೂರದಿಂದ ಕರೆಸಿ ಖಾಲಿ ಬೆಂಚಿಗೆ ಹಾಡಿಸಿದ್ನಲ್ಲ ಅಂತ. ಮುಂದೊಂದಿನ ನಿನಗೂ ಹಾಗೇ ಆಗೋದನ್ನ ನೋಡೋಕೆ ತನ್ನ ಕೈಲಾಗಲ್ವಂತೆ. ಚೆನ್ನಾಗಿರೋವಾಗಲೇ ಮುಚ್ಚಿಬಿಡ್ತೀನಿ ಅಂತಾಳೆ."

"ಮೊಣಕಾಲು?"

"ಮೊಣಕಾಲೊಂದು ನೆಪ. ಬೆಂಚು ಹೊರೋದು ಯಾವತ್ತಿದ್ರೂ ನಾನೇ ತಾನೇ? ನಿಧಾನ, ಕಾಲ್ಮೇಲೆ ಹಾಕ್ಬೇಡ."

ಪೆರಿನ್ ಬೆಂಚು ಇಳಿಸಿ ಬೆವರು ಒರೆಸಿಕೊಂಡಳು. ಇಷ್ಟು ವರ್ಷ ತನ್ನ ಮರ್ಯಾದೆ ಕಾದವಳು ಈಗಲೂ ಅದನ್ನೇ ಮಾಡುತ್ತಿದ್ದಾಳೆ, ಆದರೆ ಈ ಸಲ ಕೊಟ್ಟಿಗೆಯನ್ನೇ ಬಲಿ ಕೊಟ್ಟು. ಇದಕ್ಕೆ ಏನನ್ನಬೇಕು? ಹೋಗಿ ತಬ್ಬಿಕೊಂಡು ಮೆರ್ಸಿ ಅಂದರೆ ತಟ್ಟೆ ಒರೆಸು ಅನ್ನುತ್ತಾಳೆ. ಬೇಡ ಅಂತ ಜಗಳವಾಡಿದರೆ ಬಸ್ಸಿನ ಬಾಗಿಲು ಹಾಕುತ್ತಾಳೆ.

ಸಂಜೆ ಬಿಸಿಲಿರುವಾಗಲೇ ಜನ ಬರತೊಡಗಿದರು. ಕೊನೇದು ಅಂತ ಸುದ್ದಿಯಾಗಿತ್ತಲ್ಲ, ಮೊಂಬ್ರಿಯುವಿನವರು, ಪಕ್ಕದ ಹಳ್ಳಿಯವರು, ಆರ್ಲೆತ್‌ಳ ಬಸ್ಸಿನಲ್ಲಿ ಶಾಲೆಗೆ ಹೋಗಿ ಈಗ ಬೋಳುತಲೆಯಾದವರು, ಎಲ್ಲ. ಉದ್ದ ಮೇಜಿನ ಮೇಲೆ ಬಟ್ಟಲ ಮೇಲೆ ಬಟ್ಟಲು ಕೂತವು. ಯಾರು ಏನು ತರುತ್ತಾರೆಂದು ಮೊದಲೇ ಹೇಳಿಕೊಳ್ಳಬಾರದೆಂದು ಈ ಊರಲ್ಲಿ ಯಾರೋ ಶಾಪ ಹಾಕಿರಬೇಕು, ಅರ್ಧಕ್ಕರ್ಧ ಬಟ್ಟಲಲ್ಲಿ ಅದೇ ಬೇಳೆಯ ಸಲಾಡ್. ಬೆಂಚು ತುಂಬಿ, ಹುಲ್ಲಿನ ಕಂತೆ ತುಂಬಿ, ಬಾಗಿಲಾಚೆ ಅಂಗಳದಲ್ಲೂ ಜನ ನಿಂತರು.

ಕಂಬಳಿಯ ಸಂದಿಯಿಂದ ಆರ್ಲೆತ್ ನೋಡುತ್ತಿದ್ದಳು. ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

"ನೋಡಿ ಎಷ್ಟು ಜನ!" ಅಂದಳು ಪೆರಿನ್.

"ಮಣ್ಣಿಗೆ ಬಂದಿದಾರೆ," ಅಂದಳು ಆರ್ಲೆತ್. "ಬದುಕಿದ್ದಾಗ ಬರ್ದೇ ಇದ್ದವರೆಲ್ಲ ಮಣ್ಣಿಗೆ ಬರ್ತಾರೆ."

ಪ್ರತಿ ಕಚೇರಿಗೂ ಮೊದಲು ನಾಲ್ಕು ಮಾತು ಆರ್ಲೆತ್‌ಳದೇ. ಪಾಯಿಖಾನೆ ಎಡಗಡೆ, ಫೋನು ಬಾಯಿ ಮುಚ್ಚಿಸಿ, ಚೆರ್ರಿ ಕೇಕಿನಲ್ಲಿ ಬೀಜ ಇದೆ, ಹಲ್ಲು ಜೋಪಾನ. ನಿದ್ದೆಯಲ್ಲೂ ಹೇಳಿಯಾಳು. ಆದರೆ ಇವತ್ತು ಬೀಗದ ಮಾತನ್ನೂ ಹೇಳಬೇಕಿತ್ತು. ಅವಳ ಕೈ ಕಂಬಳಿಯ ಅಂಚನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿತು. ಅಷ್ಟು ಎತ್ತರದ ಹೆಂಗಸು ಪರದೆಯ ಹಿಂದೆ, ಥೇಟ್ ಆವತ್ತಿನ ಪೆರಿನ್ ಥರವೇ ನಡುಗುತ್ತಿದ್ದಳು.

ಪೆರಿನ್ ಲೆಕ್ಕ ಹಾಕಿ ಮಾಡಿದ್ದಲ್ಲ, ಇದನ್ನು ದೇವರಾಣೆಗೂ ನಂಬಬೇಕು. ಕಂಡದ್ದೊಂದೇ, ತನ್ನವಳೊಬ್ಬಳು ಹೆದರಿದ್ದಾಳೆ. ಹಿಂದಿನಿಂದ ಹೋಗಿ, ನೋವಿನ ಕಾಲಿಗೆ ತಾಗದ ಹಾಗೆ ನೋಡಿಕೊಂಡು, ಮೊಣಕಾಲಿನಿಂದ ಅವಳ ಕುಂಡೆಗೆ ಮೆಲ್ಲಗೆ ಒಂದು ಗುದ್ದು ಕೊಟ್ಟಳು.

"ಲದ್ದಿ!"

ಇಷ್ಟು ವರ್ಷ ಎಷ್ಟು ಜನರಿಗೆ ಆ ಗುದ್ದು ಕೊಟ್ಟಿದ್ದಳೋ ಆರ್ಲೆತ್. ಅವಳಿಗೆ ಮಾತ್ರ ಯಾರೂ ಕೊಟ್ಟಿರಲಿಲ್ಲ. ತಿರುಗಿ ನೋಡಿದಳು. ಮುಖ ಮೆತ್ತಗಾಯಿತು, ಕಣ್ಣು ತುಂಬಿತು, ಮತ್ತು ಆ ಬಸ್ಸಿನ ಗಂಟಲಿನಿಂದ, ಕೊಟ್ಟಿಗೆಯ ಕೊನೆಯ ಬೆಂಚಿಗೂ ಕೇಳುವ ಹಾಗೆ ಬಂತು:

"ಮೆರ್ಸಿ, ಮಗಳೇ."

ಕಂಬಳಿಯಾಚೆ ಗುಜುಗುಜು ನಿಂತುಹೋಯಿತು. ಕಂಬಳಿಯೇನು ಗೋಡೆಯೇ? ಯಾರದೋ ಚಮಚ ಬಿತ್ತು. "ಅಯ್ಯಯ್ಯೋ!" ಅಂತ ಮಾರ್ಸ್ಯಾಲನ ದನಿ.

ಆರ್ಲೆತ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪೆರಿನ್ ಅವಳನ್ನೇ ನೋಡಿದಳು. ಆಗ ಹೊಳೆಯಿತು ನೋಡಿ, ಬೆಲ್ಜಿಯಮ್ಮಿನಿಂದ ಇಲ್ಲಿಯತನಕ ಹೊಳೆಯದಿದ್ದದ್ದು. ಸೊಂಟದ ಮೇಲೆ ಕೈಯಿಟ್ಟಳು.

"ಆಯ್ತಲ್ಲ! ಎಲ್ಲಾ ಹಾಳು ಮಾಡಿದ್ರಿ."

"ಬಾಯಿ ತಪ್ಪಿ ಬಂತು ಕಣೇ…"

"ಬಾಯಿ ತಪ್ಪಿದ್ರೆ ಮುಗೀತಾ? ಮೆರ್ಸಿ ಅಂದ ಕಚೇರಿ ಲೆಕ್ಕಕ್ಕಿಲ್ಲ. ಇದೇ ಜಾಗದಲ್ಲಿ ಇನ್ನೊಂದು ಸಲ ಆಗ್ಬೇಕು. ಇದು ನಿಯಮ."

"ನಿಯಮವೂ ಇಲ್ಲ, ಮಣ್ಣೂ ಇಲ್ಲ!" ಆರ್ಲೆತ್ ಕೂಗಿಯೇಬಿಟ್ಟಳು. "ಅದು ನಾನು ಕಟ್ಟಿದ ಸುಳ್ಳು ಕಣೇ ಪೆದ್ದಿ! ಆವತ್ತು ನೀನು ಕನ್ನಡಕ ಮಾರೋಕೆ ಹೊರಟಿದ್ಯಲ್ಲ, ಇನ್ನೊಂದು ಸಲ ಬರಲಿ ಅಂತ ಬಾಯಿಗೆ ಬಂದಿದ್ದು ಹೇಳ್ದೆ. ಅಂಥ ನಿಯಮ ಭೂಮಿ ಮೇಲೆ ಎಲ್ಲೂ ಇಲ್ಲ!"

"ಗೊತ್ತು."

"ಏನು ಗೊತ್ತು?"

"ಎಲ್ಲೂ ಇಲ್ಲ ಅಂತ ಗೊತ್ತು. ಲಿಯೋನಲ್ಲಿ ಒಬ್ಬ ಹೇಳಿ ನಕ್ಕ, ಯಾವ ಕಾಲದಲ್ಲೋ. ಆರ್ಲೆತ್, ನಾನು ಇಷ್ಟು ವರ್ಷ ನಿಮ್ಮ ಸುಳ್ಳನ್ನೇ ತಿಂದು ಬದುಕಿದೀನಿ. ಕೆಬೆಕ್ಕು, ಜಪಾನು, ಎಲ್ಲಾ ಆ ಸುಳ್ಳು ತೋರಿಸಿದ್ದು. ಈಗ ನೀವು ಅದನ್ನ ಸುಳ್ಳು ಅಂದ್ರೆ ನಾನು ಕೇಳಲ್ಲ. ಲೋಕದಲ್ಲಿ ಎಲ್ಲೂ ಇಲ್ದಿದ್ರೂ ಈ ಕೊಟ್ಟಿಗೇಲಿ ಇದೆ."

ಆರ್ಲೆತ್ ದನಿ ಇಳಿಸಿ ಅಂದಳು:

"ಮುಂದಿನ ಸಲ ಇಷ್ಟು ಜನ ಬರಲ್ಲ ಪೆರಿನ್. ಒಂಬತ್ತು ಜನ ಬರ್ತಾರೆ. ನಾನು ಅದನ್ನ ನೋಡಲಾರೆ."

"ನಾನು ಮೊದಲನೇ ಸಲ ಹಾಡಿದಾಗ ಎಷ್ಟು ಜನ ಇದ್ರು?"

ಉತ್ತರ ಪರದೆಯಾಚೆಯಿಂದ ಬಂತು, ಮಾರ್ಸ್ಯಾಲನದು.

"ಏಳು! ನನ್ನ ನಾಯಿ ಸೇರಿ!"

ಕೊಟ್ಟಿಗೆ ನಕ್ಕಿತು. ನಗು ಅಂಗಳಕ್ಕೂ ಹೋಯಿತು, ಅಲ್ಲಿದ್ದವರು ಏನಂತೆ ಏನಂತೆ ಅಂತ ಕೇಳಿ, ತಿಳಿದು, ಅವರೂ ನಕ್ಕರು. ಬೆಂಚಿನ ಕಡೆಯಿಂದ ಯಾರೋ "ಲೆಕ್ಕಕ್ಕಿಲ್ಲ!" ಅಂತ ಕೂಗಿದರು. ಇನ್ನೊಬ್ಬರು ಕೂಗಿದರು. ಆಮೇಲೆ ಬೋಳುತಲೆಗಳೆಲ್ಲ ಹಳೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಪೋಲಿಗಳಂತೆ ಕಾಲು ಬಡಿಯತೊಡಗಿದರು: ಲೆಕ್ಕಕ್ಕಿಲ್ಲ! ಲೆಕ್ಕಕ್ಕಿಲ್ಲ!

ಆರ್ಲೆತ್ ಮೂಗು ಒರೆಸಿಕೊಂಡಳು. ಏಪ್ರನ್ ಸರಿಮಾಡಿಕೊಂಡಳು. ಕಂಬಳಿ ಸರಿಸಿ ಹಲಗೆಯ ಮೇಲೆ ಕುಂಟುತ್ತ ಹತ್ತಿ ನಿಂತಳು.

"ಬಾಯ್ಮುಚ್ಚಿ!"

ಮುಚ್ಚಿದರು.

"ಪಾಯಿಖಾನೆ ಎಡಗಡೆ. ಫೋನು ಆರಿಸಿ. ಚೆರ್ರಿ ಕೇಕಲ್ಲಿ ಬೀಜ ಇದೆ, ಹಲ್ಲು ಹೋದ್ರೆ ನನ್ನ ಕೇಳ್ಬೇಡಿ." ಅಷ್ಟು ಹೇಳಿ ನಿಂತಳು. ಒಮ್ಮೆ ಬಾಗಿಲಾಚೆ ನಿಂತವರ ತನಕ ಎಲ್ಲರನ್ನೂ ನೋಡಿದಳು. "ಇವತ್ತಿಂದು ಲೆಕ್ಕಕ್ಕಿಲ್ಲ. ಅಕ್ಟೋಬರಲ್ಲಿ ಚೆಸ್ಟ್‌ನಟ್ ಸುಡೋ ಕಾಲಕ್ಕೆ ಇನ್ನೊಂದು ಸಲ ಇದೆ. ಆ ಸಮುದ್ರದ ಕಡೆ ಹುಡುಗನನ್ನೂ ಕರೆಸ್ತೀನಿ, ಅವನದ್ದೂ ಲೆಕ್ಕಕ್ಕಿಲ್ಲ. ಬರದೇ ಇದ್ದವರ ಮನೆಗೆ ನಾನೇ ಬರ್ತೀನಿ. ಮತ್ತೆ ದಯವಿಟ್ಟು, ಎಲ್ಲರೂ ಬೇಳೆ ಸಲಾಡ್ ತರ್ಬೇಡಿ."

ಚಪ್ಪಾಳೆಯ ನಡುವೆ ಅವಳು ಪರದೆಯ ಹಿಂದೆ ಬಂದಳು. ಪೆರಿನ್ ಗಿಟಾರು ಎತ್ತಿಕೊಂಡಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಕಚೇರಿ ಅಲ್ಲಿಗೇ ಮುಗಿಯುತ್ತಿತ್ತು. ಪೆರಿನ್ ಕಂಬಳಿಗೆ ಕೈ ಹಾಕಿದಳು. ಹಿಂದಿನಿಂದ ಪಟ್ಟಿ ಸುತ್ತಿದ ಮೊಣಕಾಲು ಬಂದು ಕುಂಡೆಗೆ ಬಿತ್ತು, ಯಾವ ವರ್ಷಕ್ಕಿಂತಲೂ ಜೋರಾಗಿ.

"ಲದ್ದಿ!"

ಪೆರಿನ್‌ಳ ಎದೆಯಿಂದ ಆ ಮಾತು ಎದ್ದು ಬಂತು. ನಾಲಿಗೆಯ ತುದಿಗೂ ಬಂತು. ಅದನ್ನು ಹಾಗೇ ನುಂಗಿಕೊಂಡು, ಸುಮ್ಮನೆ ತಲೆಯಾಡಿಸಿ, ಹಾಡಲು ಹಲಗೆ ಹತ್ತಿದಳು.